ಮರಗೆಣಸಿಗೆ ಈ ಜಮೀನು ಆಗುತ್ತಾ? ಬೆಳೆದವರು ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಮೂರು ಎಕರೆ ಇದೆ. ಮೇಲಿನ ಎಕರೆ ಇಳಿಜಾರು, ಸಣ್ಣ ಕಲ್ಲು ಬೆರೆತ ಕೆಂಪು ಮಣ್ಣು. ನಡುವಿನದು ಹೆಚ್ಚುಕಡಿಮೆ ಸಮತಟ್ಟು. ಕೆಳಗಿನದು ಹಳ್ಳದ ಪಕ್ಕ, ಕಪ್ಪಗೆ ಜಿಗುಟು ಮಣ್ಣು, ನೋಡಿದರೆ ಅದೇ ಎಲ್ಲಕ್ಕಿಂತ ಫಲವತ್ತು ಅನಿಸುತ್ತೆ. ಮೇಲಿನ ಎಕರೆಯ ಅಂಚಿಗೆ ಒಂದಿಷ್ಟು ಕುರುಚಲು ಕಾಡಿದೆ, ಅದನ್ನೂ ಕಡಿದು ಸೇರಿಸಿಕೊಳ್ಳೋಣ ಅಂತ ಮನೆಯಲ್ಲಿ ಮಾತಿದೆ.

ಮರಗೆಣಸು ಹಾಕಬೇಕು ಅಂತಿದ್ದೇನೆ. ಒಂದು ವರ್ಷದ ಮಾತಲ್ಲ, ಇದೇ ನೆಲದಲ್ಲಿ ಹತ್ತು ಹದಿನೈದು ವರ್ಷ ಬೆಳೆಯೋ ಯೋಚನೆ. ಯಾರನ್ನು ಕೇಳಿದರೂ "ಅದು ಎಲ್ಲಿ ಚುಚ್ಚಿದರೂ ಬರುತ್ತೆ, ಮಣ್ಣು ಏನು ನೋಡ್ತೀಯ" ಅನ್ನುತ್ತಾರೆ. ನನಗೆ ಆ ಮಾತಿನ ಮೇಲೆ ಧೈರ್ಯ ಬರುತ್ತಿಲ್ಲ. ನಾಟಿಗೆ ಮೊದಲು ನಾನೇ ಏನೇನು ನೋಡಬಹುದು, ಮಣ್ಣು ಪರೀಕ್ಷೆಯಲ್ಲಿ ಯಾವುದರ ಮೇಲೆ ಕಣ್ಣಿಡಬೇಕು, ಯಾವ ತುಂಡು ಬಿಡಬೇಕು ಅಂತ ಬೆಳೆದವರು ಹೇಳಿದರೆ ಉಪಕಾರ.

ಉತ್ತರ 1

ನಿಮಗೆ ಧೈರ್ಯ ಬರದೇ ಇದ್ದದ್ದು ಒಳ್ಳೆಯದಾಯಿತು. ನಾನು ಹದಿನೆಂಟು ವರ್ಷದಿಂದ ಮರಗೆಣಸು ಬೆಳೀತಿದ್ದೇನೆ. ಮೊದಲ ವರ್ಷ ನಿಮ್ಮ ಹಾಗೇ ಕೆಳಗಿನ ಕಪ್ಪು ಮಣ್ಣು ಕಂಡು ಆಸೆಪಟ್ಟು ಅಲ್ಲೇ ನಾಟಿ ಮಾಡಿದೆ. ಗಿಡ ಆಳೆತ್ತರ ಬಂತು, ಎಲೆ ಕಡುಹಸಿರು. ಆರನೇ ತಿಂಗಳಲ್ಲಿ ಜಡಿಮಳೆ ಹಿಡಿದು ನಾಲ್ಕು ದಿನ ನೀರು ನಿಂತಿತು. ಮೇಲೆ ಎಲೆ ಜೋಲುವ ಹೊತ್ತಿಗೆ ಕೆಳಗೆ ಗೆಡ್ಡೆ ಮೆತ್ತಗಾಗಿ ವಾಸನೆ ಹೊಡೀತಿತ್ತು. ಕಿತ್ತು ನೋಡಿದರೆ ಮುಕ್ಕಾಲು ಪಾಲು ಕೊಳೆತಿತ್ತು. ಈ ಬೆಳೆ ಬರ ತಡೆಯುತ್ತೆ, ಬಡ ಮಣ್ಣು ತಡೆಯುತ್ತೆ, ಹುಳಿ ಮಣ್ಣು ತಡೆಯುತ್ತೆ. ನಿಂತ ನೀರನ್ನು ಮಾತ್ರ ತಡೆಯಲ್ಲ. ಬೇರಿಗೆ ಗಾಳಿ ಸಿಗದ ಕಡೆ ಫೈಟಾಪ್ಥೊರಾ, ಪೈಥಿಯಂ ಜಾತಿಯ ಕೊಳೆರೋಗಗಳು ಕೆಲವೇ ದಿನದಲ್ಲಿ ಕೆಲಸ ಮುಗಿಸುತ್ತವೆ.

ಅದಕ್ಕೇ ನಾನು ಈಗ ಯಾವ ಜಮೀನಿಗೆ ಹೋದರೂ ಮೊದಲು ಗುದ್ದಲಿ ಹಾರೆ ಹಿಡಿದು ಗುಂಡಿ ತೋಡ್ತೇನೆ. ಒಂದೊಂದು ತುಂಡಿಗೆ ಒಂದೊಂದು, ಮೂರು ಅಡಿ ಆಳ. ಗುಂಡಿಯ ಗೋಡೆಯನ್ನು ಬಿಸಿಲು ಬೀಳೋ ಕಡೆಯಿಂದ ನೋಡಿ. ಮೇಲಿನಿಂದ ಕೆಳಗಿನವರೆಗೂ ಕೆಂಪೋ ಕಂದೋ ಒಂದೇ ಸಮ ಇದ್ದರೆ ನೀರು ಇಳಿದು ಹೋಗೋ ಮಣ್ಣು. ಬೂದು ಬಣ್ಣ ಬಂದು ಅದರಲ್ಲಿ ತುಕ್ಕು ಹಿಡಿದ ಹಾಗೆ ಕಿತ್ತಳೆ ಚುಕ್ಕೆ ಕಂಡರೆ ವರ್ಷದಲ್ಲಿ ಒಂದಷ್ಟು ಕಾಲ ಅಲ್ಲಿಯವರೆಗೂ ನೀರು ಏರಿ ನಿಲ್ಲುತ್ತೆ ಅಂತಲೇ ತಿಳ್ಕೊಳ್ಳಿ. ಬೇಸಿಗೆಯಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೂ ಆ ಚುಕ್ಕೆ ಅಳಿಯಲ್ಲ. ಗೆಡ್ಡೆ ಕೂರೋದು ಹೆಚ್ಚಾಗಿ ಮೇಲಿನ ಒಂದರಿಂದ ಒಂದೂವರೆ ಅಡಿಯಲ್ಲಿ. ಚುಕ್ಕೆ ಅದರೊಳಗೇ ಶುರುವಾಗಿದ್ದರೆ ಆ ತುಂಡು ಬಿಡಿ.

ಆಮೇಲೆ ನೀರಿನ ಪರೀಕ್ಷೆ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ಗುಣಿ ತೆಗೆದು ನೀರು ತುಂಬಿ ಪೂರ್ತಿ ಇಂಗೋಕೆ ಬಿಡಿ. ಮೊದಲ ಸಲದ್ದು ಲೆಕ್ಕಕ್ಕಿಲ್ಲ, ಒಣಮಣ್ಣು ಹೇಗೂ ಕುಡಿಯುತ್ತೆ. ಎರಡನೇ ಸಲ ತುಂಬಿ, ಕಡ್ಡಿ ನೆಟ್ಟು ಗಂಟೆಗೆ ಎಷ್ಟು ಇಳಿಯಿತು ಅಂತ ಗುರುತು ಹಾಕಿ. ಗಂಟೆಗೆ ಒಂದಂಗುಲ, ಅಂದರೆ ಎರಡೂವರೆ ಸೆಂಟಿಮೀಟರಿಗಿಂತ ಕಮ್ಮಿ ಇಳಿದರೆ ನಾನಂತೂ ಸಮತಟ್ಟಾಗಿ ನಾಟಿ ಮಾಡಲ್ಲ. ಏರುಮಡಿ ಮಾಡಿ ನೆಡಬಹುದಾ ಅಂತ ನೋಡ್ತೇನೆ. ಸೆಂಟಿಮೀಟರಿಗೂ ಕಮ್ಮಿಯಾದರೆ ಆ ಜಾಗಕ್ಕೆ ಬೇರೆ ಬೆಳೆ.

ಮಣ್ಣಿನ ಜಾತಿ ತಿಳಿಯೋಕೆ ಒಂದು ಹಿಡಿ ಮಣ್ಣನ್ನು ಒದ್ದೆ ಮಾಡಿ ಕಲಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಎಳೆಯಿರಿ. ಒಂದಂಗುಲ ಆಗೋ ಮುಂಚೆ ಮುರಿದು ಬಿದ್ದರೆ ಗೋಡು, ಮರಳು ಗೋಡು, ಮರಗೆಣಸಿಗೆ ಇದೇ ಮೇಲು. ಎರಡಂಗುಲಕ್ಕಿಂತ ಉದ್ದ ಬಂದರೆ ಜೇಡಿ. ಜೇಡಿಯಲ್ಲಿ ಗೆಡ್ಡೆ ಸೊಟ್ಟಪಟ್ಟ ಆಗುತ್ತೆ, ಕೀಳುವಾಗ ಅರ್ಧ ಮುರಿದು ಒಳಗೇ ಉಳಿಯುತ್ತೆ. ಮುರಿದ ಗೆಡ್ಡೆ ಎರಡು ಮೂರು ದಿನಕ್ಕೆಲ್ಲ ಕೆಡೋಕೆ ಶುರು.

ಇನ್ನೊಂದು, ಮಳೆ ಬಂದ ಮರುದಿನ ಕಬ್ಬಿಣದ ಸರಳನ್ನು ಕೈಯಿಂದ ಒತ್ತಿ ಇಳಿಸಿ ನೋಡಿ. ಮುಕ್ಕಾಲು ಅಡಿಗೆಲ್ಲ ತಟ್ಟನೆ ನಿಂತರೆ ಉಳುಮೆಯ ಕೆಳಗೆ ಗಟ್ಟಿ ಪದರ ಕಟ್ಟಿದೆ. ಕಲ್ಲು ತಾಗಿದ್ದಾ, ಪದರವಾ ಅಂತ ಹತ್ತು ಕಡೆ ಒತ್ತಿ ಖಾತ್ರಿ ಮಾಡ್ಕೊಳ್ಳಿ. ಪದರವಾದರೆ ಒಡೆಯಬಹುದು.

ಉತ್ತರ 2

ಹಳ್ಳದ ಪಕ್ಕ ಅಂದಿರಿ. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪುಡಿ ಕಾಣುತ್ತಾ ನೋಡಿ. ಮರಗೆಣಸಿಗೆ ಉಪ್ಪು ಆಗಿಬರಲ್ಲ. ಮಣ್ಣಿನ ಇ.ಸಿ., ಅಂದರೆ ಉಪ್ಪಿನಂಶದ ಅಳತೆ, ಮೀಟರಿಗೆ 0.5 ಡೆಸಿಸೀಮನ್ಸ್ ದಾಟಿದರೆ ಇಳುವರಿ ಜಾರೋಕೆ ಶುರು, ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗಿದ್ದರೆ ಹುಳಿ) 8 ದಾಟಿದ ಕ್ಷಾರ ಮಣ್ಣಲ್ಲಿ ಗಿಡ ಹಳದಿಯಾಗಿ ಕುಗ್ಗುತ್ತೆ. ನನ್ನ ಜಮೀನಿನಲ್ಲಿ ಬಿಳಿ ಕಟ್ಟಿದ ಜಾಗದ ಗಿಡ ಮೊಣಕಾಲೆತ್ತರ ದಾಟಲಿಲ್ಲ, ಇಪ್ಪತ್ತು ಹೆಜ್ಜೆ ಆಚೆ ಅದೇ ದಿನ ನೆಟ್ಟದ್ದು ತಲೆ ಮೀರಿತ್ತು.

ಉತ್ತರ 3

ನಾನು ನಿಮ್ಮ ಮೇಲಿನ ಎಕರೆ ಬಗ್ಗೆ ಮಾತಾಡ್ತೇನೆ, ಯಾಕೆಂದರೆ ನನ್ನದು ಪೂರ್ತಿ ಇಳಿಜಾರೇ. ನೀರು ಬಸಿಯೋದಕ್ಕೆ ಇಳಿಜಾರು ಒಳ್ಳೆಯದು, ಗೆಡ್ಡೆ ಚೆನ್ನಾಗಿ ಬರುತ್ತೆ. ಕಷ್ಟ ಇರೋದು ಮೇಲ್ಮಣ್ಣಿಗೆ. ಮರಗೆಣಸು ಮೊದಲ ಮೂರು ತಿಂಗಳು ತುಂಬಾ ನಿಧಾನ. ಮೀಟರಿಗೊಂದು ಗಿಡ, ನಡುವೆ ಬರೀ ನೆಲ. ಆ ಮೂರು ತಿಂಗಳೇ ಸಾಮಾನ್ಯವಾಗಿ ಜೋರು ಮಳೆಯ ಕಾಲ. ಕೀಳುವಾಗ ಮತ್ತೆ ಪೂರ್ತಿ ನೆಲ ಅಗೆದು ಸಡಿಲ ಮಾಡ್ತೇವೆ. ಹೀಗೆ ಒಂದೇ ಬೆಳೆಯಲ್ಲಿ ಎರಡು ಸಲ ಮಣ್ಣು ಬೆತ್ತಲಾಗುತ್ತೆ. ನಾನು ಇದನ್ನು ತಿಳಿಯದೆ ಇಳಿಜಾರಿನ ಉದ್ದಕ್ಕೆ ಸಾಲು ಹೊಡೆದು ನಾಲ್ಕು ವರ್ಷ ಬೆಳೆದೆ. ನಾಲ್ಕನೇ ವರ್ಷ ಮೇಲಿನ ಅರ್ಧದಲ್ಲಿ ಜಲ್ಲಿ ಎದ್ದು ಕಾಣ್ತಿತ್ತು, ಕೆಳಗಿನ ಬದುವಿನ ಹಿಂದೆ ಮೊಣಕಾಲುದ್ದ ಮಣ್ಣು ಕೂತಿತ್ತು. ಆ ಮಣ್ಣು ನೋಡಿ ನನಗೆ ಅಳು ಬಂತು. ನಮ್ಮ ಅಜ್ಜನ ಕಾಲದಿಂದ ಹಾಕಿದ ಗೊಬ್ಬರವೆಲ್ಲ ಅದರಲ್ಲಿತ್ತು.

ಅದಕ್ಕೆ ಮೊದಲು ಇಳಿಜಾರು ಅಳೆಯಿರಿ. ಹತ್ತು ಮೀಟರ್ ಹಗ್ಗವನ್ನು ಸಮಮಟ್ಟಕ್ಕೆ ಹಿಡಿದಾಗ ಕೆಳಗಿನ ತುದಿಯಲ್ಲಿ ನೆಲಕ್ಕೂ ಹಗ್ಗಕ್ಕೂ ಒಂದು ಮೀಟರ್ ಅಂತರ ಇದ್ದರೆ 10 ಪರ್ಸೆಂಟ್. 8 ಪರ್ಸೆಂಟ್ ಒಳಗಿದ್ದರೆ ಅಡ್ಡ ಸಾಲು, ಅಂತರ ಬೆಳೆ ಸಾಕಾಗಬಹುದು. 8ರಿಂದ 15ರವರೆಗೆ ಹುಲ್ಲಿನ ತಡೆ ಇಲ್ಲದೆ ಮಾಡಬೇಡಿ. 15 ದಾಟಿದರೆ ನನ್ನ ಮಾತು ಕೇಳಿ, ಅಲ್ಲಿ ಪ್ರತಿವರ್ಷ ಅಗೆಯೋ ಗೆಡ್ಡೆ ಬೆಳೆ ಬೇಡ. ಮರ ಹಾಕಿ, ಮೇವಿನ ಹುಲ್ಲು ಹಾಕಿ.

ನಾನು ಮಾಡಿದ್ದು ಇಷ್ಟು. ಮರದ ಮೂರು ಪಟ್ಟಿಯಲ್ಲಿ ಎ ಆಕಾರದ ಚೌಕಟ್ಟು ಮಾಡಿ, ನಡುವೆ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ಸಮಪಾತಳಿ ಗೆರೆ, ಅಂದರೆ ಒಂದೇ ಎತ್ತರದ ಅಡ್ಡ ಗೆರೆ, ಗುರುತಿಸಿದೆ. ಆ ಗೆರೆ ಮೇಲೆ ಲಾವಂಚದ ಬುಡಗಳನ್ನು ಒಂದು ಗೇಣಿಗಿಂತ ಹತ್ತಿರ ಹತ್ತಿರ ನೆಟ್ಟೆ. ನೆಲ ಒಂದೂವರೆ ಮೀಟರ್ ಇಳಿದಲ್ಲಿ ಒಂದು ಸಾಲು. ಅದರ ಬೇರು ನೇರ ಕೆಳಗೆ ಎರಡು ಮೀಟರಿಗಿಂತ ಆಳ ಹೋಗುತ್ತೆ, ಪಕ್ಕಕ್ಕೆ ಹರಡಿ ಮರಗೆಣಸಿನ ಪಾಲು ಕೀಳೋದು ಕಮ್ಮಿ. ಕಳೆಯಾಗಿಯೂ ಹಬ್ಬಲ್ಲ. ಎರಡನೇ ವರ್ಷದ ಹೊತ್ತಿಗೆ ಸಾಲಿನ ಹಿಂದೆ ಮಣ್ಣು ತಾನೇ ಕೂತು ಮೆಟ್ಟಿಲಾಗೋಕೆ ಶುರುವಾಯಿತು. ಕತ್ತರಿಸಿದ ಹುಲ್ಲನ್ನು ಗಿಡದ ನಡುವೆ ಹಾಸ್ತೇನೆ. ಗಿಡದ ಅಂತರವನ್ನೂ ಒಂದು ಮೀಟರಿಂದ 80 ಸೆಂಟಿಮೀಟರಿಗೆ ಇಳಿಸಿದೆ. ಎಕರೆಗೆ ನಾಲ್ಕು ಸಾವಿರ ಇದ್ದದ್ದು ಆರು ಸಾವಿರದ ಮುನ್ನೂರರ ಹತ್ತಿರ ಆಯಿತು, ನೆಲ ಬೇಗ ಮುಚ್ಚಿತು. ನಡುವೆ ಶೇಂಗಾ ಇಲ್ಲವೇ ಅಲಸಂದೆ. ಮರಗೆಣಸು ಮೇಲೆ ಏಳೋ ಹೊತ್ತಿಗೆ ಅವು ಕೊಯ್ಲಿಗೆ ಬಂದಿರುತ್ತವೆ.

ಉತ್ತರ 4

ನಾನು ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದೇನೆ, ಸ್ವಲ್ಪ ಮರಗೆಣಸೂ ಬೆಳೀತೇನೆ. ಮೇಲಿನವರು ಹೇಳಿದ್ದಕ್ಕೆ ಒಂದು ಚೌಕಟ್ಟು ಕೊಡ್ತೇನೆ. ಜಮೀನಿನ ಯೋಗ್ಯತೆ ಅಳೆಯೋಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1976ರಲ್ಲಿ ಒಂದು ವಿಧಾನ ಕೊಟ್ಟಿತು, ಇವತ್ತಿಗೂ ಬಹಳ ಕಡೆ ಅದು ಬಳಕೆಯಲ್ಲಿದೆ. ಎಸ್-1 ಅಂದರೆ ಚೆನ್ನಾಗಿ ಯೋಗ್ಯ, ಎಸ್-2 ಮಧ್ಯಮ, ಎಸ್-3 ಕಷ್ಟದಲ್ಲಿ ಯೋಗ್ಯ, ಎನ್ ಅಂದರೆ ಅಯೋಗ್ಯ. ಆಳ, ನೀರು ಬಸಿಯೋದು, ಇಳಿಜಾರು, ಪಿಎಚ್, ಪೋಷಕಾಂಶ ಒಂದೊಂದಕ್ಕೂ ದರ್ಜೆ ಹಾಕಿ, ಸಾಮಾನ್ಯವಾಗಿ ಅದರಲ್ಲಿ ಅತಿ ಕೆಳಗಿನದನ್ನೇ ಜಮೀನಿನ ದರ್ಜೆಯಾಗಿ ತಗೊಳ್ತಾರೆ. ಒಂಬತ್ತು ವಿಷಯ ಚೆನ್ನಾಗಿದ್ದು ನೀರು ನಿಲ್ಲೋದೊಂದಿದ್ದರೂ ಅದು ನೀರು ನಿಲ್ಲೋ ಜಮೀನೇ.

ಅದರಲ್ಲಿ ನನಗೆ ತುಂಬಾ ಮುಖ್ಯ ಅನಿಸೋ ಭಾಗ ಬೇರೆ ಇದೆ. ಕೊರತೆ ಎರಡು ಥರ. ಪೊಟ್ಯಾಷ್ ಕಮ್ಮಿ, ಸಾವಯವ ಇಂಗಾಲ ಕಮ್ಮಿ, ಗಟ್ಟಿ ಪದರ, ಇವನ್ನು ನಾವು ಸರಿಮಾಡಬಹುದು. ಒಂದಡಿಗೆ ಬಂಡೆ, ತಗ್ಗಿನ ನೀರು, ಕಡಿದಾದ ಇಳಿಜಾರು, ಹಿಮ ಬೀಳೋ ಚಳಿ, ಇವನ್ನು ಸಾಮಾನ್ಯ ರೈತ ಬದಲಿಸೋಕಾಗಲ್ಲ. ಜಮೀನು ನೋಡುವಾಗ ಮೊದಲು ಎರಡನೇ ಥರದ್ದನ್ನು ನೋಡಿ. ಬಹಳ ಜನ ಉಲ್ಟಾ ಮಾಡ್ತಾರೆ. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ರಿಪೋರ್ಟ್ ಮೊದಲು ತರಿಸಿ, ಗುಂಡಿ ತೋಡೋದೇ ಇಲ್ಲ.

ಹವೆಯ ವಿಷಯ ಬೇಗ ಮುಗಿಸ್ತೇನೆ. ಸರಾಸರಿ ಉಷ್ಣತೆ 25ರಿಂದ 29 ಡಿಗ್ರಿ, ಮಳೆ 1,000ದಿಂದ 1,500 ಮಿಲಿಮೀಟರ್ ಇದ್ದರೆ ಸುಖ. 600 ಮಿಲಿಮೀಟರಿನಲ್ಲೂ ಬೆಳೆಯುವವರಿದ್ದಾರೆ. ನಾಟಿಯಾದ ಮೊದಲ ಐದು ತಿಂಗಳು ಬರ ಬಿದ್ದರೆ ಇಳುವರಿಗೆ ಪೆಟ್ಟು, ಆಮೇಲಿನ ಬರವನ್ನು ಎಲೆ ಉದುರಿಸಿಕೊಂಡು ತಡೆಯುತ್ತೆ.

ಮಾದರಿ ತೆಗೆಯೋದು ಹೀಗೆ. ಮೂರು ತುಂಡಿಗೆ ಮೂರು ಮಾದರಿ, ಬೆರೆಸಬೇಡಿ. ಪ್ರತಿ ತುಂಡಿನಲ್ಲೂ ಅಂಕುಡೊಂಕಾಗಿ ನಡೆದು 15ರಿಂದ 20 ಕಡೆ, ಮೇಲಿನ ಕಸ ಸರಿಸಿ, 20 ಸೆಂಟಿಮೀಟರ್ ಆಳದವರೆಗೆ ಸಮನಾಗಿ ಮಣ್ಣು ಕೆತ್ತಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ಹಳೇ ಬೂದಿಗುಡ್ಡೆ ಬಿಡಿ. ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರು ಎರಡು ಪಾಲು ಇಟ್ಟುಕೊಳ್ತಾ ಅರ್ಧ ಕಿಲೋಗೆ ತನ್ನಿ. ನೆರಳಲ್ಲಿ ಒಣಗಿಸಿ. 20ರಿಂದ 40 ಸೆಂಟಿಮೀಟರಿನದ್ದು ಇನ್ನೊಂದು ಮಾದರಿ ಬೇರೆ ಚೀಲದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.

ರಿಪೋರ್ಟ್ ಬಂದಾಗ ಮೊದಲ ಕಣ್ಣು ಪೊಟ್ಯಾಸಿಯಂ ಮೇಲೆ. ಒಂದು ಟನ್ ಹಸಿ ಗೆಡ್ಡೆ ಜಮೀನು ಬಿಟ್ಟು ಹೋದರೆ ಅದರ ಜೊತೆ ಸುಮಾರು 2ರಿಂದ 3 ಕಿಲೋ ಪೊಟ್ಯಾಸಿಯಂ ಹೋಗುತ್ತೆ. ರಂಜಕ ಹೋಗೋದು ಅದಕ್ಕಿಂತ ತುಂಬಾ ಕಮ್ಮಿ. ಮೊದಲ ಎರಡು ಮೂರು ವರ್ಷ ಮಣ್ಣು ಇದ್ದದ್ದನ್ನು ಕೊಡುತ್ತೆ, ಬೆಳೆಗಾರನಿಗೆ ಏನೂ ಗೊತ್ತಾಗಲ್ಲ. ಆಮೇಲೆ ಇಳುವರಿ ಕುಸಿಯುತ್ತೆ, ಗೆಡ್ಡೆಯಲ್ಲಿ ಹಿಟ್ಟಿನಂಶ ಇಳಿಯುತ್ತೆ. "ಮರಗೆಣಸು ನೆಲ ಸುಡುತ್ತೆ" ಅನ್ನೋ ಮಾತು ಹುಟ್ಟೋದು ಇಲ್ಲೇ. ತೆಗೆದದ್ದನ್ನು ವಾಪಸ್ ಕೊಡದೆ ಇದ್ದದ್ದಕ್ಕೆ ಬೆಳೆಗೆ ಕೆಟ್ಟ ಹೆಸರು.

ಉತ್ತರ 5

ಯಾರೂ ಹೇಳದ ಒಂದು ವಿಷಯ. ಮೇಲಿನ ಎಕರೆಯನ್ನು ಯಂತ್ರ ತಂದು ಸಮ ಮಾಡಿಸೋಣ ಅಂತ ಯೋಚನೆ ಬಂದರೆ ದಯವಿಟ್ಟು ಮಾಡಬೇಡಿ. ನಾನು ಮಾಡಿಸಿದೆ. ಮಣ್ಣು ಕೆತ್ತಿದ ಅರ್ಧದಲ್ಲಿ ಗಿಡ ಎರಡು ವರ್ಷ ಮುದುಡಿಕೊಂಡೇ ಇತ್ತು. ಗೊಬ್ಬರ ಹಾಕಿದರೂ ಏಳಲಿಲ್ಲ. ಆಮೇಲೆ ತಿಳಿದದ್ದು, ಮರಗೆಣಸಿಗೆ ಕೂದಲಿನಂಥ ಸಣ್ಣ ಬೇರು ಕಮ್ಮಿ. ಮಣ್ಣಿನ ರಂಜಕ ಎತ್ತಿಕೊಡೋದು ಬೇರಿಗೆ ಅಂಟಿ ಬದುಕೋ ಮೈಕೊರೈಜಾ ಶಿಲೀಂಧ್ರ. ಅದು ಇರೋದು ಮೇಲ್ಮಣ್ಣಲ್ಲಿ. ಬಡ ಮಣ್ಣಲ್ಲೂ ಈ ಬೆಳೆ ಬರೋದು ಅದರ ಬಲದಿಂದ. ಮೇಲ್ಮಣ್ಣು ಕೆತ್ತಿದಾಗ ಆ ಬಲವನ್ನೇ ಕೆತ್ತಿ ಹಾಕಿದೆ. ಮೂರು ವರ್ಷ ಕೊಟ್ಟಿಗೆ ಗೊಬ್ಬರ, ಹುರುಳಿ, ಅಲಸಂದೆ ಹಾಕಿ ಹಾಕಿ ಈಗ ಒಂದು ದಾರಿಗೆ ಬಂದಿದೆ.

ಉತ್ತರ 6

ಕುರುಚಲು ಕಾಡು ಕಡಿಯೋದರ ಬಗ್ಗೆ ಯಾರೂ ಉತ್ತರಿಸಿಲ್ಲ, ಅದಕ್ಕೆ ಬರೀತಿದ್ದೇನೆ. ಕಡಿದ ನೆಲ ಮೊದಲ ವರ್ಷ ಕಪ್ಪಗೆ ಚೆಂದ ಕಾಣುತ್ತೆ. ಒಳಗೆ ಮರದ ಬೇರುಗಳು ಕೊಳೀತಾ ಇರುತ್ತವೆ, ಅದರ ಮೇಲೆ ಬದುಕೋ ಬೇರುಕೊಳೆ ಶಿಲೀಂಧ್ರಗಳು ಮರಗೆಣಸಿನ ಗೆಡ್ಡೆಗೆ ದಾಟುತ್ತವೆ. ನಮ್ಮ ದೊಡ್ಡಪ್ಪನವರ ಜಮೀನಿನಲ್ಲಿ ಹಳೇ ಬುಡ ಇದ್ದ ಜಾಗದ ಸುತ್ತ ಗುಂಡಗೆ ಗಿಡ ಒಣಗ್ತಾ ಬಂದದ್ದನ್ನು ನಾನೇ ನೋಡಿದ್ದೇನೆ, ಕಿತ್ತರೆ ಗೆಡ್ಡೆ ಮೇಲೆ ಬಿಳಿ ದಾರದ ಹಾಗೆ ಬೂಷ್ಟು. ಅದಕ್ಕಿಂತ ದೊಡ್ಡ ಮಾತು, ಇಳಿಜಾರಿನ ನೆತ್ತಿಯ ಆ ಕಾಡೇ ಮೇಲಿನ ನೀರನ್ನು ತಡೆದು ಇಂಗಿಸ್ತಿರೋದು. ಅದು ಹೋದರೆ ಉತ್ತರ 3ರ ಅಕ್ಕ ಹೇಳಿದ ಲಾವಂಚದ ಸಾಲಿಗೂ ತಡೆಯೋಕೆ ಕಷ್ಟ. ಬಿಟ್ಟುಬಿಡಿ, ಸೊಪ್ಪಿಗಾದರೂ ಆಗುತ್ತೆ.

ಕೇಳಿದವರು

ಮೂರು ವಾರ ಆಯಿತು, ತಡವಾಗಿ ಬರ್ತಿದ್ದೇನೆ, ಕ್ಷಮಿಸಿ. ನೀವು ಹೇಳಿದ ಹಾಗೇ ಎಲ್ಲ ಮಾಡಿದೆ. ಕೆಳಗಿನ ಎಕರೆಯಲ್ಲಿ 25 ಸೆಂಟಿಮೀಟರಿಗೇ ಬೂದು ಮಣ್ಣು, ಕಿತ್ತಳೆ ಚುಕ್ಕೆ. ಎರಡಡಿಗೆ ನೀರು ಜಿನುಗಿತು. ಎರಡನೇ ಸಲ ತುಂಬಿದ ನೀರು ಗಂಟೆಗೆ 0.8 ಸೆಂಟಿಮೀಟರ್ ಇಳಿಯಿತು. ಎಲ್ಲಕ್ಕಿಂತ ಫಲವತ್ತು ಅಂತ ನಾನು ಬರೆದದ್ದು ಇದನ್ನೇ.

ನಡುವಿನ ಎಕರೆ ಪಿಎಚ್ 5.2, ಸಾವಯವ ಇಂಗಾಲ 0.5 ಪರ್ಸೆಂಟ್, ರಂಜಕ 12 ಪಿಪಿಎಂ (ಹತ್ತು ಲಕ್ಷಕ್ಕೆ 12 ಪಾಲು), ಪೊಟ್ಯಾಸಿಯಂ 45 ಪಿಪಿಎಂ. ಮೂರಡಿವರೆಗೂ ಕೆಂಪು ಮಣ್ಣು, ಸರಳು ಸಲೀಸಾಗಿ ಇಳಿಯಿತು. ಮೇಲಿನದು ಪಿಎಚ್ 4.9, ಇಂಗಾಲ 0.3, ಪೊಟ್ಯಾಸಿಯಂ 70, ಆಳ ಎರಡೂವರೆ ಅಡಿ, ಇಳಿಜಾರು 14 ಪರ್ಸೆಂಟ್. ಹುಳಿ ಜಾಸ್ತಿ ಇದೆ, ಸುಣ್ಣ ಹಾಕಲಾ?

ಉತ್ತರ 4

ಸುಣ್ಣಕ್ಕೆ ಅವಸರ ಬೇಡ. ಬೇರೆ ಬೆಳೆಗಳು ಒದ್ದಾಡೋ ಹುಳಿಯಲ್ಲಿ ಮರಗೆಣಸು ನೆಮ್ಮದಿಯಾಗಿರುತ್ತೆ, ಅಲ್ಯೂಮಿನಿಯಂ ಜಾಸ್ತಿ ಇದ್ದರೂ ತಡೆಯುತ್ತೆ. ಪಿಎಚ್ 4.5ಕ್ಕಿಂತ ಕೆಳಗಿದ್ದರೆ ಮಾತು ಬೇರೆ. ಹೆಚ್ಚು ಸುಣ್ಣ ಸುರಿದರೆ ಸತುವಿನ ಕೊರತೆ ಬರುತ್ತೆ. ಎಳೆ ಎಲೆ ಚಿಕ್ಕದಾಗಿ, ನರಗಳ ನಡುವೆ ಬಿಳಿಚಿಕೊಳ್ಳುತ್ತೆ. ಹಾಗೆ ಕಂಡರೆ ಮುಂದಿನ ನಾಟಿಗೆ ಲೀಟರ್ ನೀರಿಗೆ 20ರಿಂದ 40 ಗ್ರಾಂ ಸತುವಿನ ಸಲ್ಫೇಟ್ ಕರಗಿಸಿ ಕಾಂಡದ ತುಂಡುಗಳನ್ನು 15 ನಿಮಿಷ ಅದ್ದಿ ನೆಡಿ. ಮೇಲಿನ ಎಕರೆಯಲ್ಲಿ ಶೇಂಗಾ ಅಂತರ ಬೆಳೆ ಮಾಡ್ತೀರಾದರೆ ಅದಕ್ಕಾಗಿ ಸ್ವಲ್ಪ ಡೋಲೊಮೈಟ್ ಕೊಡಬಹುದು, ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಸಿಗುತ್ತೆ.

ರಂಜಕ 12 ಸಾಕು. ಮರಗೆಣಸಿಗೆ 8ರಿಂದ 10 ದಾಟಿದ್ದರೆ ನಡೆಯುತ್ತೆ. ನಡುವಿನ ಎಕರೆಯ ಪೊಟ್ಯಾಸಿಯಂ 45 ಅನ್ನೋದೇ ನಿಮ್ಮ ನಿಜವಾದ ಕೊರತೆ. 60ರ ಆಸುಪಾಸು ಇರಬೇಕಿತ್ತು. ಹತ್ತು ಟನ್ ಗೆಡ್ಡೆ ತೆಗೆದಿರಿ ಅಂದುಕೊಳ್ಳಿ, 20ರಿಂದ 30 ಕಿಲೋ ಪೊಟ್ಯಾಸಿಯಂ ಹೊರಗೆ ಹೋಯಿತು. ಹೋದದ್ದನ್ನು ತುಂಬೋಕೇ ಮ್ಯುರಿಯೇಟ್ ಆಫ್ ಪೊಟ್ಯಾಷ್ ಅನ್ನೋ ಗೊಬ್ಬರ 40ರಿಂದ 60 ಕಿಲೋ ಬೇಕು. ಐದು ಟನ್ ಒಳ್ಳೆ ಕೊಟ್ಟಿಗೆ ಗೊಬ್ಬರದಲ್ಲೂ ಹತ್ತಿರ ಹತ್ತಿರ ಅಷ್ಟೇ ಪೊಟ್ಯಾಷ್ ಇರುತ್ತೆ, ಇಂಗಾಲವೂ ಏರುತ್ತೆ, ಆದರೆ ನಿಧಾನಕ್ಕೆ ಸಿಗುತ್ತೆ. ನಾನಾದರೆ ಎರಡನ್ನೂ ಅರ್ಧರ್ಧ ಕೊಡ್ತೇನೆ, ಪೊಟ್ಯಾಷನ್ನು ನಾಟಿಯಲ್ಲಿ ಒಂದು ಪಾಲು, ಎರಡು ಮೂರು ತಿಂಗಳಿಗೆ ಒಂದು ಪಾಲು. ಸಾರಜನಕವನ್ನು ಮಾತ್ರ ಧಾರಾಳವಾಗಿ ಹಾಕಬೇಡಿ, ಎಲೆ ಕಾಂಡ ಸೊಕ್ಕುತ್ತೆ, ಗೆಡ್ಡೆ ಸಣ್ಣದಾಗುತ್ತೆ.

ಕೊಯ್ಲಾದ ಮೇಲೆ ಎಲೆ, ಎಳೆ ರೆಂಬೆ, ನಾಟಿಗೆ ಬೇಡದ ಕಾಂಡ ಎಲ್ಲ ಅಲ್ಲೇ ಹಾಸಿ. ಸುಡಬೇಡಿ. ರೋಗ ಬಂದ ಗಿಡದ್ದಾದರೆ ಮಾತ್ರ ಹೊರಗೆ ಹಾಕಿ.

ಉತ್ತರ 1

ಕೆಳಗಿನ ಎಕರೆ ಬಿಡ್ತೀರಲ್ಲ? 0.8 ಅಂದರೆ ನನ್ನದಕ್ಕಿಂತಲೂ ಕಡೆ. ಏರುಮಡಿ ಮಾಡಿದರೂ ಎರಡಡಿಗೆ ನೀರು ಬಂದಿರೋ ಜಾಗ ಅದು. ಭತ್ತವೋ ಮೇವೋ ಮಾಡಿ. ಹಳ್ಳದ ಅಂಚಿಗೆ ಹತ್ತು ಹೆಜ್ಜೆ ಹುಲ್ಲು ಹಾಗೇ ಇರಲಿ, ಮೇಲಿನಿಂದ ಬರೋ ಗೊಬ್ಬರದ ನೀರು ನೇರ ಹಳ್ಳಕ್ಕೆ ಇಳಿಯಲ್ಲ.

ಕೇಳಿದವರು

ಬಿಡ್ತೇನೆ. ಕಾಡೂ ಹಾಗೇ ಇರಲಿ ಅಂತ ಮನೆಯಲ್ಲಿ ಒಪ್ಪಿಸಿದೆ. ಈ ವರ್ಷ ನಡುವಿನ ಎಕರೆ ಪೂರ್ತಿ, ಮೇಲಿನದರಲ್ಲಿ ಲಾವಂಚದ ಸಾಲು ಮಾತ್ರ. ಅದು ಬೇರು ಹಿಡಿದ ಮೇಲೆ ಮುಂದಿನ ವರ್ಷ ಮೇಲೆ ಮರಗೆಣಸು. ಅಕ್ಕ, ಮಣ್ಣು ಹೋಗ್ತಿದೆಯಾ ನಿಂತಿದೆಯಾ ಅಂತ ನಾಲ್ಕು ವರ್ಷ ಕಾಯದೆ ತಿಳಿಯೋಕೆ ದಾರಿ ಇದೆಯಾ?

ಉತ್ತರ 3

ಇದೆ. ಒಂದೂವರೆ ಅಡಿಯ ಕಬ್ಬಿಣದ ಸರಳು ಹತ್ತು ಹದಿನೈದು ತಗೊಂಡು, ಇಳಿಜಾರಿನ ಮೇಲೆ, ನಡುವೆ, ಕೆಳಗೆ ಗಟ್ಟಿಯಾಗಿ ಹೊಡೆಯಿರಿ. ಮೇಲೆ ಅರ್ಧ ಅಡಿ ಕಾಣ್ತಿರಲಿ. ನೆಲ ಮುಟ್ಟಿದಲ್ಲಿ ಬಣ್ಣದ ಗೆರೆ ಎಳೆದು, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಗೆರೆಗೂ ನೆಲಕ್ಕೂ ಎಷ್ಟು ಅಂತರ ಅಂತ ಅಳೆದು ಬರೆದಿಡಿ. ಉಳುಮೆಗೂ ಕಳೆಗೂ ಸಿಗದ ಜಾಗ ನೋಡಿ ಹೊಡೀಬೇಕು, ಕೆಂಪು ಬಟ್ಟೆ ಕಟ್ಟಿದರೆ ಕಾಲಿಗೆ ತಾಗಲ್ಲ. ಒಂದು ಮಿಲಿಮೀಟರ್ ಅಂದರೆ ಏನೂ ಅಲ್ಲ ಅನಿಸುತ್ತೆ, ಆದರೆ ಎಕರೆಯುದ್ದಕ್ಕೂ ಒಂದು ಮಿಲಿಮೀಟರ್ ಹೋದರೆ ಐದು ಟನ್ ಮಣ್ಣು. ನಾನು ಹುಲ್ಲಿನ ಸಾಲು ನೆಡೋಕೆ ಮುಂಚಿನ ವರ್ಷ ಅಳೆದಾಗ ನಡುವಿನ ಸರಳಿನಲ್ಲಿ ಆರು ಮಿಲಿಮೀಟರ್ ಇಳಿದಿತ್ತು. ಹೋದ ವರ್ಷ ಅದೇ ಸರಳಿನಲ್ಲಿ ಗೆರೆಯೇ ಕಾಣಲಿಲ್ಲ, ಮಣ್ಣು ಮೇಲೇರಿ ಮುಚ್ಚಿತ್ತು. ಸರಳನ್ನು ಈ ಮಳೆಗೆ ಮುಂಚೆಯೇ ಹೊಡೆದುಬಿಡಿ, ಲಾವಂಚ ಬೇರು ಹಿಡಿಯೋಕೆ ಮುಂಚಿನ ಲೆಕ್ಕವೂ ನಿಮ್ಮ ಹತ್ತಿರ ಇರಲಿ.